ಹರಕಂಗಿಯ ಚರಿತ್ರೆ

ಬರುವ ಏಪ್ರಿಲ್ 14ಕ್ಕೆ ನಮ್ಮೂರ ಹುಡುಗರು ನಾಟಕ ಆಡುತ್ತಾರೆ, ನೀವು ಬಂದು ಒಂದಿಷ್ಟು ತಿದ್ದಿಕೊಡಬೇಕು ಎಂದು ಕಮಲಾಪುರದ ಕಡೆಯ ಒಂದು ಹಳ್ಳಿಯಿಂದ ಕರೆ ಬಂತು. ಕಲಬುರಗಿಯಿಂದ ನಾವು ನಾಲ್ಕು ಜನ ಹುಮನಾಬಾದ್ ಬಸ್ಸು ಹತ್ತಿ ಹೋದೆವು. ಕಮಲಾಪುರ ಅಂದರೆ ಎಲ್ಲರಿಗೂ ಕೆಂಪು ಬಾಳೆಹಣ್ಣು ನೆನಪಾಗುತ್ತದೆ. ಆ ತೋಟಗಳಲ್ಲಿ ಗುದ್ದಲಿ ಹಿಡಿದ ಕೈ ಯಾರದು ಎಂದು ಯಾರೂ ಕೇಳುವುದಿಲ್ಲ. ಅದು ಬೇರೆ ಮಾತು.

ತಾಲೀಮು ನಡೆದದ್ದು ಕೇರಿಯ ಸಮುದಾಯ ಭವನದಲ್ಲಿ. ಬಾಬಾಸಾಹೇಬರು ಬಾಲಕನಾಗಿದ್ದಾಗ ಚಕ್ಕಡಿಯಲ್ಲಿ ಹೋದ ಪ್ರಸಂಗ. ಮೂರು ಜನ ಹುಡುಗರು ಒಳಗೆ ಬಂದರು. ಮೂವರ ಮೈಮೇಲೂ ಹರಕಂಗಿ. ಇದ್ದ ಒಳ್ಳೆಯ ಅಂಗಿಯನ್ನು ಬ್ಲೇಡಿನಿಂದ ಸೀಳಿ ಹರಕು ಮಾಡಿದ್ದರು. ಮುಖಕ್ಕೆ ಹಂಚಿನ ಮಸಿ. ನಾವು ಕೇಳಿದೆವು: "ಯಾಕ್ರೀ ಮಾಸ್ತರ್ರೇ, ಹುಡುಗರಿಗಿ ಹಿಂಗ ಹರಕಂಗಿ ಯಾಕ ಹಾಕ್ಸೀರಿ?"

ಮಾಸ್ತರು ನಮ್ಮವರೇ. ಕೇರಿಯಲ್ಲಿ ಹುಟ್ಟಿ, ಓದಿ, ಅದೇ ತಾಲ್ಲೂಕಿನಲ್ಲಿ ನೌಕರಿ ಮಾಡುವವರು. ಬಹಳ ಸಮಾಧಾನದಿಂದ ಹೇಳಿದರು: "ಅಲ್ರೀ ಸರ್, ಚೊಲೋ ಅಂಗಿ ಹಾಕಿದ್ರ ಇವು ಅಸ್ಪೃಶ್ಯರ ಹುಡುಗ್ರು ಅಂತ ನೋಡೋ ಮಂದಿಗಿ ಹ್ಯಾಂಗ ಗೊತ್ತಾಗ್ಬೇಕ್ರೀ?"

ಮೊದಲು ನಾವು ನಕ್ಕುಬಿಟ್ಟೆವು. ಆಮೇಲೆ ನಗು ಗಂಟಲಲ್ಲಿ ಸಿಕ್ಕಿಕೊಂಡಿತು. ಮಾಸ್ತರರ ತಪ್ಪು ಇದರಲ್ಲಿ ಏನೂ ಇಲ್ಲ. ಎಪ್ಪತ್ತು ವರ್ಷಗಳಿಂದ ಸಿನಿಮಾ, ಕಂಪನಿ ನಾಟಕ, ಕ್ಯಾಲೆಂಡರು, ಈಗ ಟಿ.ವಿ. ಧಾರಾವಾಹಿ ಎಲ್ಲ ಸೇರಿ ಅವರಿಗೆ ಕಲಿಸಿದ ಪಾಠವನ್ನು ಅವರು ಒಪ್ಪಿಸಿದರು. ನಮ್ಮವರನ್ನು ನಮ್ಮವರೇ ಗುರುತು ಹಿಡಿಯಬೇಕಾದರೂ ಹರಕಂಗಿ ಬೇಕು, ಮಸಿ ಬೇಕು.

ಆ ಪ್ರಸಂಗ ನಿಜವಾಗಿ ಏನು? ಬಾಬಾಸಾಹೇಬರೇ ತಮ್ಮ ಕೈಯಾರೆ ಬರೆದಿಟ್ಟಿದ್ದಾರೆ, ಯಾವ ಪಂಡಿತನನ್ನೂ ಕೇಳಬೇಕಾಗಿಲ್ಲ. 1901. ತಾಯಿ ತೀರಿಹೋಗಿದ್ದರು. ತಂದೆ ರಾಮಜಿ ಸುಬೇದಾರರು ಮನೆಯಿಂದ ದೂರದ ಊರಲ್ಲಿ ಕ್ಯಾಷಿಯರ್ ಆಗಿದ್ದರು. ರಜೆಯಲ್ಲಿ ಬನ್ನಿ ಎಂದು ಮಕ್ಕಳನ್ನು ಕರೆದರು. ಭೀಮರಾವ್, ಅವರ ಅಣ್ಣ, ಅಕ್ಕನ ಮಗ ಸಾತಾರೆಯಿಂದ ರೈಲು ಹತ್ತಿದರು. ಈಗ ನೋಡಿ ಆ ಮಕ್ಕಳ ಉಡುಪು: ಆ ಪಯಣಕ್ಕೆಂದೇ ಹೊಲಿಸಿದ ಹೊಸ ಅಂಗಿ, ಕಸೂತಿಯ ಟೋಪಿ, ಹೊಸ ಬೂಟು, ರೇಷ್ಮೆ ಅಂಚಿನ ಧೋತರ! ಮಸೂರ್ ಟೇಶನ್ನಿನಲ್ಲಿ ಇಳಿದಾಗ ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಟೇಶನ್ ಮಾಸ್ತರ ಇವರನ್ನು ಬ್ರಾಹ್ಮಣರ ಮಕ್ಕಳು ಎಂದೇ ತಿಳಿದು ಕನಿಕರದಿಂದ ಮಾತಾಡಿಸಿದ. ನೀವು ಯಾರ ಮಕ್ಕಳು ಎಂದ. ಹುಡುಗರ ಬಾಯಿಂದ 'ಮಹಾರ' ಎಂಬ ಒಂದು ಶಬ್ದ ಬಿತ್ತು. ಅವನ ಮುಖದ ಬಣ್ಣ ಬದಲಾಯಿತು, ಹಿಂದೆ ಸರಿದು ಹೊರಟೇ ಹೋದ. ಬಾಡಿಗೆ ಚಕ್ಕಡಿಯವರು ಒಬ್ಬರೂ ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಒಬ್ಬ ಎರಡು ಪಟ್ಟು ಬಾಡಿಗೆಗೆ ಒಪ್ಪಿದ. ಗಾಡಿ ಹುಡುಗರೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ! ರಾತ್ರಿ ಸುಂಕದ ಕಟ್ಟೆಯ ಬಳಿ, ಮುಸಲ್ಮಾನರೆಂದು ಹೇಳಿದರೂ, ಒಂದು ಗುಟುಕು ನೀರು ಹುಟ್ಟಲಿಲ್ಲ. ಬುತ್ತಿ ಕೈಯಲ್ಲಿ ಇತ್ತು, ನೀರಿಲ್ಲದೆ ಉಪವಾಸ ಮಲಗಿದರು.

ಜಾತಿ ಅಂಗಿಯಲ್ಲಿ ಇರಲಿಲ್ಲ, ಮುಖದ ಮಸಿಯಲ್ಲಿ ಇರಲಿಲ್ಲ, ಬಡತನದಲ್ಲೂ ಇರಲಿಲ್ಲ. ಟೇಶನ್ ಮಾಸ್ತರನ ತಲೆಯಲ್ಲಿ ಇತ್ತು. ಬಾಬಾಸಾಹೇಬರು ಆ ಟೋಪಿ, ಬೂಟು, ಧೋತರವನ್ನು ಬಿಡದೆ ಬರೆದದ್ದು ಸುಮ್ಮನೆ ಅಲ್ಲ. ನೀವು ಆ ಮಕ್ಕಳಿಗೆ ಹರಕಂಗಿ ತೊಡಿಸಿದ ಗಳಿಗೆಯಲ್ಲೇ ಆ ಘಟನೆ ಸುಳ್ಳಾಗುತ್ತದೆ. ನೋಡುವವನು ಏನು ಅಂದುಕೊಳ್ಳುತ್ತಾನೆ? ಪಾಪ, ಬಡವರು, ಹೊಲಸಾಗಿದ್ದರು, ಅದಕ್ಕೇ ನೀರು ಕೊಡಲಿಲ್ಲ. ಈಗ ಸಾಬೂನು ಬಂದದ, ಮೀಸಲಾತಿ ಬಂದದ, ಎಲ್ಲಾ ಸರಿ ಆಗ್ಯದ. ಮನೆಗೆ ಹೋಗಿ ನಿಶ್ಚಿಂತೆಯಿಂದ ಉಂಡು ಮಲಗುತ್ತಾನೆ. ಹೊಸ ಅಂಗಿ ತೊಟ್ಟ ಮಕ್ಕಳಿಗೆ ನೀರು ಸಿಗಲಿಲ್ಲ ಎಂದು ತೋರಿಸಿ ನೋಡಿ. ಅವನಿಗೆ ನಿದ್ದೆ ಬರುವುದಿಲ್ಲ.

ಆದುದರಿಂದ ವೇಷಭೂಷಣ, ಪಾತ್ರ ಹಂಚಿಕೆ, 'ಐತಿಹಾಸಿಕ ಸತ್ಯ' ಇವೆಲ್ಲ ಸಿನಿಮಾ ಹುಚ್ಚರ ಹರಟೆ ಎಂದು ತಳ್ಳಿಹಾಕುವ ಗೆಳೆಯರ ಜೊತೆ ನಮ್ಮ ಜಗಳವಿದೆ. ಶಾಲೆಯ ಇತಿಹಾಸದ ಪುಸ್ತಕ ಓದಿ ಮರೆತವನು ಸಿನಿಮಾದ ರಾಜನನ್ನು ಮರೆಯುವುದಿಲ್ಲ. ನಮ್ಮ ಜನರ ಚರಿತ್ರೆ ಈಗ ಬರೆಯಲ್ಪಡುತ್ತಿರುವುದು ವಿಶ್ವವಿದ್ಯಾಲಯಗಳಲ್ಲಿ ಅಲ್ಲ, ಬಣ್ಣದ ಕೋಣೆಗಳಲ್ಲಿ.

ಕನ್ನಡ ಸಿನಿಮಾದ ಮೊದಲ ಮಹಾನಾಯಕ ತೆರೆಗೆ ಬಂದದ್ದೇ ಬೇಡನಾಗಿ. 1954ರ 'ಬೇಡರ ಕಣ್ಣಪ್ಪ'. ರಾಜಕುಮಾರ್ ಅವರ ನಟನೆಗೆ ನಾವೂ ಕಣ್ಣೀರು ಹಾಕಿದವರೇ. ಆದರೆ ಆ ಕಥೆಯಲ್ಲಿ ದಿಣ್ಣ ಬರೀ ಬೇಡನಲ್ಲ. ಅವನೂ ಅವನ ಹೆಂಡತಿಯೂ ಶಾಪದಿಂದ ಭೂಮಿಗೆ ಬಿದ್ದ ದೇವಲೋಕದವರು! ಹರಿಹರ ಕವಿ ಎಂಟುನೂರು ವರ್ಷದ ಹಿಂದೆ ಕಣ್ಣಪ್ಪನನ್ನು ಬೇಡನೆಂದೇ ಹಾಡಿದ್ದ. ಬೇಟೆಯ ಮಾಂಸವನ್ನೇ ಶಿವನಿಗೆ ಉಣಿಸಿದವನು ಅವನು. ಸ್ವತಂತ್ರ ಭಾರತದ ಸಿನಿಮಾಕ್ಕೆ ಅಷ್ಟು ಧೈರ್ಯ ಬರಲಿಲ್ಲ. ಬೇಡನೊಬ್ಬ ಬೇಡನಾಗಿಯೇ ದೊಡ್ಡವನಾಗುವುದು ಅವರಿಗೆ ಜೀರ್ಣವಾಗುವುದಿಲ್ಲ. ಮೇಲಿನಿಂದ ಜಾರಿಬಿದ್ದವನು ಎಂದರೆ ಮಾತ್ರ ಕೈಮುಗಿಯುತ್ತಾರೆ.

ಇನ್ನು 1965ರ 'ಸತ್ಯಹರಿಶ್ಚಂದ್ರ'. ವೀರಬಾಹುವಾಗಿ ಎಂ.ಪಿ. ಶಂಕರ್ ಕುಣಿದದ್ದನ್ನು ಮೆಚ್ಚದವರಿಲ್ಲ. ಟೂರಿಂಗ್ ಟಾಕೀಸಿನ ಮುಂದೆ ನೆಲದ ಮೇಲೆ ಕೂತು ನಮ್ಮವರೂ ಸೀಟಿ ಹೊಡೆದಿದ್ದಾರೆ. ಒಂದು ಮಾತು ಕೇಳುತ್ತೇವೆ, ಸಾವಧಾನವಾಗಿ ಉತ್ತರ ಕೊಡಿ. ಆ ಕಥೆಯಲ್ಲಿ ಸತ್ಯವಂತನ ಮೇಲೆ ಬಂದೆರಗಿದ ಅತಿ ದೊಡ್ಡ ದುರಂತ ಯಾವುದು? ರಾಜ್ಯ ಹೋದದ್ದೇ? ಹೆಂಡತಿ ಮಾರಾಟವಾದದ್ದೇ? ಅದಕ್ಕೂ ಆಚೆ, ಎಲ್ಲಕ್ಕಿಂತ ಕಡೆಯ ಮೆಟ್ಟಿಲಾಗಿ ಅವರು ಇಟ್ಟದ್ದು ಚಾಂಡಾಲನ ಕೈಕೆಳಗೆ ಸುಡುಗಾಡು ಕಾಯುವುದನ್ನು. ಯಾವ ಕೆಲಸವನ್ನು ನಮ್ಮ ಮುತ್ಯಾ, ನಮ್ಮ ಅಪ್ಪ ಕೂಳಿಗಾಗಿ ಜೀವನವಿಡೀ ಮಾಡಿದರೋ ಅದು ರಾಜನಿಗೆ ಸತ್ಯಪರೀಕ್ಷೆ! ಅವನು ಪಾಸಾದ, ದೇವರು ಬಂದು ರಾಜ್ಯ ತಿರುಗಿ ಕೊಟ್ಟ. ವೀರಬಾಹುವಿಗೆ ಸುಡುಗಾಡೇ ಗತಿ. ಸಿನಿಮಾ ಮುಗಿದ ಮೇಲೆ ಅವನೆಲ್ಲಿ ಹೋದ ಎಂದು ಯಾರೂ ಹುಡುಕಲಿಲ್ಲ.

ಈಗ ಹೊಸ ಕಾಲ. ಐತಿಹಾಸಿಕ ಚಿತ್ರ ಬಂತೆಂದರೆ 'ಇತಿಹಾಸಕ್ಕೆ ಅಪಚಾರ' ಎಂಬ ಕೂಗು. ಯಾವ ಅಪಚಾರ? ರಾಣಿ ಕುಣಿಯಬಾರದಿತ್ತು, ರಾಜನ ಮೀಸೆ ಹಾಗಿರಲಿಲ್ಲ, ನಮ್ಮ ಕುಲದ ಮಾನ ಹೋಯಿತು. 2018ರ 'ಪದ್ಮಾವತ್' ಚಿತ್ರಕ್ಕೆ ಒಂದು ವರ್ಷ ಕಾಲ ಉತ್ತರ ಹಿಂದೂಸ್ಥಾನವೇ ಹೊತ್ತಿ ಉರಿಯಿತು. ನಿರ್ದೇಶಕನ ಮೇಲೆ ಕೈಮಾಡಿದರು, ಸೆಟ್ಟಿಗೆ ಬೆಂಕಿ ಇಟ್ಟರು. ಯಾರ ಸಲುವಾಗಿ? 1540ರ ಸುಮಾರಿಗೆ ಜಾಯಸಿ ಎಂಬ ಸೂಫಿ ಕವಿ ತನ್ನ ಕಾವ್ಯದಲ್ಲಿ ಹಾಡಿದ ಒಬ್ಬ ರಾಣಿಯ ಸಲುವಾಗಿ. ಕಾವ್ಯದ ರಾಣಿಗೆ ಇಷ್ಟು ಮಾನ! 1982ರಲ್ಲಿ ಅಟೆನ್‌ಬರೋ 'ಗಾಂಧಿ' ತೆಗೆದರು. ಮೂರು ಗಂಟೆಗೂ ಮೀರಿದ ಚಿತ್ರ. ಅದರಲ್ಲಿ ಅಂಬೇಡ್ಕರ್ ಎಂಬ ಮನುಷ್ಯ ಇಲ್ಲ. 1932ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವನು, ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷ, ರಕ್ತ ಮಾಂಸ ತುಂಬಿ ಓಡಾಡಿದ ಮನುಷ್ಯ ಇಲ್ಲವೇ ಇಲ್ಲ. ಆ ಚಿತ್ರಕ್ಕೆ ಎಂಟು ಆಸ್ಕರ್ ಬಂದವು. ಯಾವ ಬಸ್ಸೂ ಸುಡಲಿಲ್ಲ. ಸುಡಬೇಕಿತ್ತು ಎಂದು ನಾವು ಹೇಳುತ್ತಿಲ್ಲ. ಬಸ್ಸಿನಲ್ಲಿ ಓಡಾಡುವವರು ನಾವೇ. ಆದರೆ ಇತಿಹಾಸದ ಮಾನ ಕಾಯುವ ಈ ಮಹಾಶಯರು ಆಗ ಎಲ್ಲಿ ಮಲಗಿದ್ದರು ಎಂದು ಕೇಳುವ ಹಕ್ಕು ನಮಗಿದೆ.

ಮನುಷ್ಯರನ್ನೇ ಗುಡಿಸಿ ಹಾಕುವುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಬೇಕೆ? ಕೋಲಾರದ ಚಿನ್ನದ ಗಣಿ. 1880ರ ದಶಕದಿಂದ ಜಾನ್ ಟೇಲರ್ ಕಂಪನಿ ತೋಡಿಸಿದ ಆ ಪಾತಾಳಕ್ಕೆ ಇಳಿದವರು ಬಹುಪಾಲು ತಮಿಳು, ತೆಲುಗು ಸೀಮೆಯ ದಲಿತರು. ಆ ಜನ 1907ರಲ್ಲೇ, ಬಾಬಾಸಾಹೇಬರು ದೀಕ್ಷೆ ಪಡೆಯುವ ಅರ್ಧ ಶತಮಾನದ ಮೊದಲೇ, ಅಯೋತಿದಾಸರ ಪ್ರೇರಣೆಯಿಂದ ಅಲ್ಲಿ ಬೌದ್ಧ ಸಂಘ ಕಟ್ಟಿದ್ದರು. 1930ರಲ್ಲಿ ಹೆಬ್ಬೆಟ್ಟಿನ ಗುರುತು ಕೊಡಲು ನಿರಾಕರಿಸಿ ಮುಷ್ಕರ ಹೂಡಿದ್ದರು. 2001ರಲ್ಲಿ ಗಣಿ ಮುಚ್ಚಿತು, ಮಕ್ಕಳು ದಿನಾ ಬೆಂಗಳೂರಿಗೆ ರೈಲಿನಲ್ಲಿ ದುಡಿಯಲು ಹೋಗುತ್ತಾರೆ. ಈ ಗಣಿಯ ಹೆಸರಿಟ್ಟುಕೊಂಡು 2018ರಲ್ಲಿ, 2022ರಲ್ಲಿ ಎರಡು ಸಿನಿಮಾ ಬಂದವು, ಕೋಟಿ ಕೋಟಿ ಗಳಿಸಿದವು. ಅಲ್ಲಿ ಗಣಿ ಕೂಲಿಗಳು ಹೇಗಿದ್ದಾರೆ? ಮಸಿ ಬಳಿದ ಮೂಕ ಮಂದೆ. ಹೊರಗಿನಿಂದ ಒಬ್ಬ ಬಂದು ಬಿಡಿಸಬೇಕು. ಅದು ಕಟ್ಟುಕಥೆ, ಇತಿಹಾಸ ಅಲ್ಲವಲ್ಲ ಅನ್ನುತ್ತಾರೆ. ಕಟ್ಟುಕಥೆಗೆ ನಮ್ಮ ಊರಿನ ಹೆಸರು ಬೇಕು, ನಮ್ಮ ಮುಷ್ಕರ ಬೇಡ!

ಪಾತ್ರ ಯಾರು ಮಾಡಬೇಕು ಎಂಬ ಪ್ರಶ್ನೆಗೆ ಬರೋಣ. ನಮ್ಮೊಳಗೇ ಇದಕ್ಕೆ ಎರಡು ಮಾತು. ದಲಿತರ ಪಾತ್ರ ದಲಿತರೇ ಮಾಡಬೇಕು ಎಂದು ಕೆಲ ಗೆಳೆಯರು ವಾದಿಸುತ್ತಾರೆ. ನಾವು ಒಪ್ಪುವುದಿಲ್ಲ. ಜಬ್ಬಾರ್ ಪಟೇಲರ ಅಂಬೇಡ್ಕರ್ ಚಿತ್ರದಲ್ಲಿ, ಅದು 2000ದಲ್ಲಿ ತೆರೆಗೆ ಬಂತು, ಬಾಬಾಸಾಹೇಬರಾದದ್ದು ಮಮ್ಮೂಟ್ಟಿ. ಮಲಯಾಳಿ ಮುಸಲ್ಮಾನ. ಆ ನಡಿಗೆ, ಆ ಕೋಟು, ಆ ಸಿಟ್ಟು ಕಂಡು ನಮ್ಮ ಎದೆ ತುಂಬಿ ಬಂತು. ನಟನಿಗೆ ಜಾತಿ ಹಚ್ಚುವ ಕೆಲಸ ನಮ್ಮದಲ್ಲ, ಅದು ಮನುವಿನದು. ನಮ್ಮ ತಕರಾರು ಇಷ್ಟೇ: ಬಾಗಿಲು ಒಂದೇ ದಿಕ್ಕಿಗೆ ಯಾಕೆ ತೆರೆಯುತ್ತದೆ? ಅವರು ನಮ್ಮ ಪಾತ್ರ ಮಾಡಿದರೆ ಅದು ಕಲೆ, ರಾಷ್ಟ್ರಪ್ರಶಸ್ತಿ. ನಮ್ಮವರು ಅವರ ಪಾತ್ರ ಮಾಡಿದರೆ?

ಮಾಡಿದವಳೊಬ್ಬಳಿದ್ದಳು. ಪಿ.ಕೆ. ರೋಸಿ. ಹುಲ್ಲು ಕೊಯ್ಯುವ ದಲಿತ ಹೆಣ್ಣುಮಗಳು. ಮಲಯಾಳದ ಮೊದಲ ಚಿತ್ರ, ಜೆ.ಸಿ. ಡೇನಿಯಲ್ ಅವರ 'ವಿಗತಕುಮಾರನ್' ಎಂಬ ಮೂಕಿಚಿತ್ರದಲ್ಲಿ ನಾಯರ್ ಸ್ತ್ರೀಯ ಪಾತ್ರ ಮಾಡಿದಳು. ಸುಮಾರು 1930ರ ಮಾತು. ತಿರುವನಂತಪುರದಲ್ಲಿ ಚಿತ್ರ ತೋರಿಸಿದಾಗ ಸವರ್ಣೀಯರು ತೆರೆಗೆ ಕಲ್ಲು ತೂರಿದರು. ಅವಳ ಗುಡಿಸಲಿಗೆ ಬೆಂಕಿ ಹಚ್ಚಿದರು. ಅವಳು ಊರು ಬಿಟ್ಟು ತಮಿಳು ಸೀಮೆಗೆ ಓಡಿಹೋಗಿ, ಹೆಸರು ಮರೆಸಿ ಬದುಕಿ ಸತ್ತಳು. ಮಾತೇ ಇಲ್ಲದ ಸಿನಿಮಾ, ಅದರಲ್ಲಿ ಅವಳು ಬಾಯಿ ಕೂಡ ತೆರೆಯಲಿಲ್ಲ. ಬರೀ ಉಟ್ಟ ಸೀರೆಗೆ, ಮುಡಿದ ಹೂವಿಗೆ ಈ ಶಿಕ್ಷೆ! ಆ ಚಿತ್ರದ ಪ್ರತಿ ಕೂಡ ಉಳಿದಿಲ್ಲ. ಪಾತ್ರ ಹಂಚಿಕೆ ಎಂಬುದು ಸಣ್ಣ ವಿಷಯ ಎನ್ನುವವರು ರೋಸಿಯ ಗುಡಿಸಲಿನ ಬೂದಿಯನ್ನೊಮ್ಮೆ ಮುಟ್ಟಿ ನೋಡಲಿ.

ನಮ್ಮ ಕಡೆಯ ಕಥೆಯೂ ಹೀಗೇ. ನಮ್ಮಲ್ಲೊಬ್ಬರ ಮುತ್ಯಾ ಕೇರಿಯ ದೊಡ್ಡಾಟದಲ್ಲಿ ಕೌರವ. ಭುಜಕೀರ್ತಿ, ಕಿರೀಟ, ಕೈಯಲ್ಲಿ ಗದೆ. ಬೆಳತನಕ ಕುಣಿದರೆ ನೆಲ ಅದುರುತ್ತಿತ್ತಂತೆ. ಗೌಡರೂ ಕಟ್ಟೆಯ ಮೇಲೆ ಕೂತು ನೋಡಿ "ಭಲೇ" ಅನ್ನುತ್ತಿದ್ದರು. ಬೆಳಗಾದ ಮೇಲೆ ಅದೇ ಕೌರವ, ಮುಖದ ಅರದಾಳ ಇನ್ನೂ ಪೂರ್ತಿ ಹೋಗಿರುತ್ತಿರಲಿಲ್ಲ, ಹೆಗಲ ಮೇಲಿನ ಟವೆಲ್ಲು ಕಂಕುಳಿಗೆ ಸೇರಿಸಿ ಗೌಡರ ದನದ ಕೊಟ್ಟಿಗೆಗೆ ಸಗಣಿ ಬಳಿಯಲು ಹೋಗುತ್ತಿದ್ದ. "ಏನೋ ಕೌರವ, ತಡಾ ಯಾಕ?" ಎಂದು ಗೌಡರು ನಗಾಡುತ್ತಿದ್ದರು. ಆದರೂ ಮುತ್ಯಾನ ದೊಡ್ಡಾಟದಲ್ಲಿ ಒಂದು ರಾತ್ರಿಯ ಮಟ್ಟಿಗಾದರೂ ಬಾಗಿಲು ಆ ಕಡೆಗೆ ತೆರೆಯುತ್ತಿತ್ತು. ಸಿನಿಮಾ ಬಂದು ಅದನ್ನೂ ಮುಚ್ಚಿತು. ಕೆಲ ವರ್ಷದ ಹಿಂದೆ ಯಾವುದೋ ಐತಿಹಾಸಿಕ ಧಾರಾವಾಹಿಗೆ 'ಲೋಕಲ್ ಮುಖ' ಬೇಕೆಂದು ಒಬ್ಬ ದಲ್ಲಾಳಿ ಕಲಬುರಗಿಗೆ ಬಂದಿದ್ದ. ನಾಟಕ ಕಲಿತ ನಮ್ಮ ಹುಡುಗರು ಸಂಭಾಷಣೆ ಬಾಯಿಪಾಠ ಮಾಡಿಕೊಂಡು ಸಾಲಾಗಿ ನಿಂತರು. ಆತ ಮಾತಾಡಿಸಲೇ ಇಲ್ಲ. ದೂರದಿಂದಲೇ ಬೆರಳು ತೋರಿಸಿ ವಿಂಗಡಿಸಿದ: ನೀನು ಸೈನಿಕ, ನೀನು ಗುಲಾಮ, ನೀನು ಕಳ್ಳ. ಎಂ.ಎ. ಓದಿದ ಹುಡುಗನೊಬ್ಬ "ಮಂತ್ರಿ ಪಾರ್ಟ್ ಇಲ್ಲೇನ್ರಿ ಅಣ್ಣಾ?" ಎಂದು ಕೇಳಿದ್ದಕ್ಕೆ ಸಿಕ್ಕ ಉತ್ತರ: "ತಮ್ಮಾ, ಕನ್ನಡೀ ನೋಡ್ಕೊಂಡೀ ಏನ್?"

ಹಾಗಾದರೆ ರಾಜರೆಲ್ಲ ಬೆಳ್ಳಗೆ, ಸಪೂರ ಸೊಂಟದವರಾಗಿದ್ದರೇ? ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಬೊಂಬಾಯಿಗೆ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋಗಿ. ಭೀಮಾ ನದಿಯ ದಂಡೆ. ಅಲ್ಲಿನ ಚಂದ್ರಲಾಂಬೆಯ ಗುಡಿಯಲ್ಲಿ 1980ರ ದಶಕದಲ್ಲಿ ಅಶೋಕನ ಶಾಸನ ಸಿಕ್ಕಿತು. ದೇವಿಯ ಪೀಠಕ್ಕೆ ಚಪ್ಪಡಿಯಾಗಿ ಬಿದ್ದಿತ್ತು! ಪಕ್ಕದ ಕನಗನಹಳ್ಳಿಯ ಸ್ತೂಪವನ್ನು ಆಮೇಲೆ ಅಗೆದಾಗ ಒಂದು ಕಲ್ಲು ಸಿಕ್ಕಿತು. ರಾಜ, ಪಕ್ಕದಲ್ಲಿ ರಾಣಿ, ಛತ್ರಿ ಚಾಮರ ಹಿಡಿದ ಹೆಂಗಸರು. ಮೇಲೆ ಬ್ರಾಹ್ಮಿ ಅಕ್ಷರದಲ್ಲಿ 'ರಾಯೋ ಅಸೋಕೋ'. ಹೆಸರು ಕೆತ್ತಿದ ಅಶೋಕನ ಚಿತ್ರ ಎಂದು ಜಗತ್ತೇ ಕೊಂಡಾಡುವ ಕಲ್ಲು ಅದು. ಅಶೋಕ ಸತ್ತು ತಲೆಮಾರುಗಳು ಕಳೆದ ಮೇಲೆ ಕೆತ್ತಿದ್ದು, ಫೋಟೋ ಅಲ್ಲ, ಒಪ್ಪೋಣ. ಆದರೆ ಈ ಭೀಮಾತೀರದ ಕಲ್ಲುಕುಟಿಗ ತನ್ನ ಕಣ್ಣೆದುರಿನ ಮನುಷ್ಯರ ಮೈಕಟ್ಟನ್ನೇ ರಾಜನಿಗೆ ಕೊಟ್ಟಿದ್ದಾನೆ. 2001ರಲ್ಲಿ ಶಾರುಖ್ ಖಾನ್ 'ಅಶೋಕ' ಆದರು, 2015ರಲ್ಲಿ ಹಿಂದಿ ಟಿ.ವಿ.ಯಲ್ಲಿ ಇನ್ನೊಬ್ಬ ಅಶೋಕ ಬಂದ. ಆಗಲಿ. ಯಾರಾದರೂ ಒಬ್ಬರು ಕನಗನಹಳ್ಳಿಯ ಆ ಕಲ್ಲಿನ ಮುಂದೆ ಹತ್ತು ನಿಮಿಷ ನಿಂತಿದ್ದರೆ? ಸೊಂಟದ ಬಟ್ಟೆ, ತಲೆಯ ರುಮಾಲು, ಕಿವಿಯ ಓಲೆ ಎಲ್ಲ ಅಲ್ಲಿವೆ. ಅದು ಬೇಡ, ಫೋಟೋಕ್ಕೆ ಚೆಂದ ಕಾಣುವ ಎದೆ ಬೇಕು.

ಅದೇ ಹುಮನಾಬಾದ್ ರಸ್ತೆಯಲ್ಲಿ ಮುಂದೆ ಹೋದರೆ ಕಲ್ಯಾಣ. ಬಸವಣ್ಣನವರ ಮೇಲೆ 1959ರಲ್ಲಿ 'ಜಗಜ್ಯೋತಿ ಬಸವೇಶ್ವರ', 1983ರಲ್ಲಿ 'ಕ್ರಾಂತಿಯೋಗಿ ಬಸವಣ್ಣ' ಬಂದವು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಆ ಇಬ್ಬರು ಅಪ್ಪಂದಿರನ್ನು ಎಳೆಹೂಟೆ ಕಟ್ಟಿಸಿ ಕೊಂದರು, ಕಲ್ಯಾಣ ಹೊತ್ತಿ ಉರಿಯಿತು. ಜನರ ಮನಸ್ಸಿನಲ್ಲಿ ಉಳಿದಿರುವ ಹರಳಯ್ಯ ಯಾರು? ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿ ತಲೆಬಾಗಿ ನಿಂತ ಹರಳಯ್ಯ. ಮಗನ ಮದುವೆಗೆ ಎದೆ ಕೊಟ್ಟು ನಿಂತ ಹರಳಯ್ಯ ಅಲ್ಲ. ಉರಿಲಿಂಗಪೆದ್ದಿಯ ಪುಣ್ಯಸ್ತ್ರೀ ಕಾಳವ್ವೆ ನಮ್ಮ ಉಣ್ಣುವ ಕೂಳನ್ನು ಹೀಗಳೆಯುವವರ ಬಾಯಿ ಮುಚ್ಚಿಸುವಂಥ ವಚನ ಬರೆದಾಕೆ. ಅವಳು ಯಾವ ತೆರೆಯ ಮೇಲೆ ನಾಯಕಿಯಾಗಿ ನಿಮಗೆ ಸಿಕ್ಕಿದ್ದಾಳೆ?

1948ರ ಬಗ್ಗೆ ಮಾತಾಡದೆ ಕಲಬುರಗಿಯವರು ಈ ಚರ್ಚೆ ಮುಗಿಸುವಂತಿಲ್ಲ. 2024ರ ಮಾರ್ಚಿನಲ್ಲಿ, ಲೋಕಸಭಾ ಚ್ುನಾವಣೆಯ ಹೊಸ್ತಿಲಲ್ಲಿ, 'ರಜಾಕಾರ್' ಎಂಬ ಚಿತ್ರ ಬಂತು. ರಜಾಕಾರರ ಕ್ರೌರ್ಯ ಸುಳ್ಳಲ್ಲ. 1948ರ ಮೇ ತಿಂಗಳಲ್ಲಿ ಗೋರ್ಟಾದಲ್ಲಿ ನಡೆದ ಕೊಲೆಗಳು ಸುಳ್ಳಲ್ಲ, ನಮ್ಮ ಆಯಿಗಳು ಮಕ್ಕಳನ್ನು ಎತ್ತಿಕೊಂಡು ಹೊಲದಲ್ಲಿ ಅಡಗಿದ ಕಥೆ ನಾವೂ ಕೇಳಿ ಬೆಳೆದವರು. ಆದರೆ ಸೆಪ್ಟೆಂಬರ್ 17ಕ್ಕೆ ಇತಿಹಾಸ ನಿಂತುಬಿಡಲಿಲ್ಲ. ಪೊಲೀಸ್ ಕಾರ್ಯಾಚರಣೆಯ ಮೇಲೆ ಏನಾಯಿತೆಂದು ನೋಡಿಬರಲು ನೆಹರೂ ಸರ್ಕಾರವೇ ಪಂಡಿತ ಸುಂದರಲಾಲ್ ಸಮಿತಿಯನ್ನು ಕಳಿಸಿತ್ತು. ಕಾರ್ಯಾಚರಣೆಯ ಹೊತ್ತಿನಲ್ಲಿ ಮತ್ತು ಆನಂತರ ಸತ್ತವರು ಕಡಿಮೆ ಎಂದರೂ 27 ಸಾವಿರದಿಂದ 40 ಸಾವಿರ ಎಂದು ಆ ಸಮಿತಿ ಅಂದಾಜು ಮಾಡಿತು. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳ ಹೆಸರು ಬರೆಯಿತು: ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ. ಸತ್ತವರು ಬಹುಪಾಲು ಬಡ ಮುಸಲ್ಮಾನರು. ಆ ವರದಿಯನ್ನು ದಶಕಗಟ್ಟಲೆ ಬಚ್ಚಿಟ್ಟರು. ಆ ಕಥೆ ಹೇಳುವ ಸಿನಿಮಾ ನಮಗೆ ಇನ್ನೂ ಸಿಕ್ಕಿಲ್ಲ.

ಮತ್ತೆ ನಮ್ಮವರು? ಎರಡೂ ಕಡೆಯ ಕಥೆಯಲ್ಲಿ ನಮ್ಮವರು ಗೈರುಹಾಜರು. ನಿಜಾಮನ ಕಾಲದಲ್ಲಿ ಜಾಗೀರದಾರರ, ದೇಶಮುಖರ ಮನೆಯಲ್ಲಿ ಬಿಟ್ಟಿ ಚಾಕರಿ ಮಾಡಿದವರು ಯಾರು? ಆ ಜಾಗೀರದಾರರಲ್ಲಿ ಹಿಂದೂ ಎಷ್ಟು, ಮುಸಲ್ಮಾನ ಎಷ್ಟು ಎಂದು ಸಿನಿಮಾ ಲೆಕ್ಕ ಕೊಡುತ್ತದೆಯೇ? ಬಿ.ಎಸ್. ವೆಂಕಟರಾವ್ ನಿಜಾಮನ ಸರ್ಕಾರದಲ್ಲಿ ಮಂತ್ರಿಯಾಗಿದ್ದರು. ಬಿ. ಶ್ಯಾಮಸುಂದರ್ 1948ರಲ್ಲಿ ಹೈದರಾಬಾದಿನ ನಿಯೋಗದ ಜೊತೆ ವಿಶ್ವಸಂಸ್ಥೆಗೇ ಹೋಗಿದ್ದರು. ಬಾಬಾಸಾಹೇಬರು 1947ರ ನವೆಂಬರಿನಲ್ಲಿ, ನಮ್ಮ ಜನ ನಿಜಾಮನ ಪಕ್ಷ ವಹಿಸಬಾರದು ಎಂದು ಹೇಳಿಕೆ ಕೊಟ್ಟಿದ್ದರು. ಅದೇ ಶ್ಯಾಮಸುಂದರ್ ಇಪ್ಪತ್ತು ವರ್ಷದ ಮೇಲೆ, 1968ರಲ್ಲಿ, ಇದೇ ಗುಲಬರ್ಗಾದಲ್ಲಿ ಭೀಮಸೇನೆ ಕಟ್ಟಿದರು. ಯಾಕೆ ಹಾಗೆ ನಡೆದರು, ಎಲ್ಲಿ ಸರಿ, ಎಲ್ಲಿ ತಪ್ಪು? ಇದು ನಮಗೂ ಮುಜುಗರದ ಪ್ರಶ್ನೆ. ಆದರೂ ಕೇಳಿಕೊಳ್ಳಬೇಕಾದ ಪ್ರಶ್ನೆ. ಕತ್ತಿ, ಕುದುರೆ, ಟೋಪಿ, ಗಡ್ಡ ಇಷ್ಟರಲ್ಲೇ ಕಥೆ ಮುಗಿಸುವವರಿಗೆ ಇದು ಬೇಕಾಗಿಲ್ಲ.

ಸರ್ಕಾರದ ಸೆನ್ಸಾರ್ ಮಂಡಳಿ ಇತಿಹಾಸದ ಸತ್ಯಕ್ಕೆ ಎಷ್ಟು ಕಾವಲು ಕಾಯುತ್ತದೆ ಎಂಬುದಕ್ಕೆ 2025ರ 'ಫುಲೆ' ಸಾಕ್ಷಿ. ಏಪ್ರಿಲ್ 11ಕ್ಕೆ, ಜ್ಯೋತಿಬಾ ಹುಟ್ಟಿದ ದಿನಕ್ಕೆ ಬರಬೇಕಿದ್ದ ಚಿತ್ರ 25ಕ್ಕೆ ಬಂತು. ಬ್ರಾಹ್ಮಣ ಸಂಘಟನೆಗಳು ತಕರಾರು ತೆಗೆದಿದ್ದವು. ಮಂಡಳಿ ಮೊದಲೇ ಹೇಳಿತ್ತು: 'ಮಹಾರ', 'ಮಾಂಗ', 'ಪೇಶವಾಯಿ' ಎಂಬ ಮಾತು ತೆಗೆಯಿರಿ, ಸೊಂಟಕ್ಕೆ ಪೊರಕೆ ಕಟ್ಟಿದ ಮನುಷ್ಯನನ್ನು ತೆಗೆಯಿರಿ, ಮೂರು ಸಾವಿರ ವರ್ಷದ ಗುಲಾಮಗಿರಿ ಅನ್ನಬೇಡಿ, 'ಬಹಳ ವರ್ಷದ' ಅನ್ನಿ! ಲೆಕ್ಕ ಹಾಕಿದರೆ ಕೋಪ, ಹಾಕದಿದ್ದರೆ ಸಮಾಧಾನ. ನಮ್ಮ ಬೆನ್ನಿಗೆ ಪೊರಕೆ ಕಟ್ಟಿದ್ದು ನಾಚಿಕೆ ಅಲ್ಲ, ಅದನ್ನು ತೋರಿಸುವುದು ನಾಚಿಕೆ.

ಇಷ್ಟೆಲ್ಲ ಬೈದ ಮೇಲೆ ನಮ್ಮ ತಟ್ಟೆಯನ್ನೂ ನೋಡಿಕೊಳ್ಳೋಣ. 2020ರ ಜುಲೈ, ಲಾಕ್‌ಡೌನ್ ಕಾಲ, 'ಮಹಾನಾಯಕ' ಧಾರಾವಾಹಿ ಹಿಂದಿಯಿಂದ ಡಬ್ ಆಗಿ ಕನ್ನಡಕ್ಕೆ ಬಂತು. 2005ರಲ್ಲಿ ವಿಷ್ಣುಕಾಂತ್ ನಟಿಸಿದ ಕನ್ನಡದ್ದೇ ಅಂಬೇಡ್ಕರ್ ಚಿತ್ರ ಬಂದಿತ್ತು, ಎಷ್ಟು ಹಳ್ಳಿ ಮುಟ್ಟಿತು? ಆದರೆ ಈ ಡಬ್ಬಿಂಗ್ ಧಾರಾವಾಹಿಗೆ ರಾಜ್ಯದ ಕೇರಿಕೇರಿಗಳಲ್ಲಿ ಫ್ಲೆಕ್ಸ್ ಎದ್ದವು. ಕಮಲಾಪುರ ಕಡೆಯ ಹುಡುಗರು ಕೂಲಿಯ ದುಡ್ಡಲ್ಲಿ ಪಟ್ಟಿ ಎತ್ತಿ ಫ್ಲೆಕ್ಸ್ ಹಾಕಿದರು. ಬೆದರಿಕೆ ಕರೆ ಬರುತ್ತಿವೆ, ನಿಲ್ಲಿಸುವುದಿಲ್ಲ ಎಂದು ಚಾನೆಲ್ಲಿನ ಮುಖ್ಯಸ್ಥರೇ ಬಹಿರಂಗವಾಗಿ ಹೇಳಿದಾಗ ನಾವೂ ಜಗತ್ ವೃತ್ತದ ಬಾಬಾಸಾಹೇಬರ ಮುಂದೆ ನಿಂತು ಅವರ ಬೆಂಬಲಕ್ಕೆ ಘೋಷಣೆ ಕೂಗಿದೆವು. ಈಗಲೂ ಅದರಲ್ಲಿ ಪಶ್ಚಾತ್ತಾಪವಿಲ್ಲ. ಕೇರಿಯ ಹೆಂಗಸರು ಅಡುಗೆ ಬಿಟ್ಟು ಟಿ.ವಿ. ಮುಂದೆ ಕೂತು "ನಮ್ಮ ಭೀಮಗ ಹೊಡೀಲಕತ್ಯಾರಲ್ಲೋ" ಎಂದು ಅತ್ತದ್ದನ್ನು ಕಂಡವರು ನಾವು.

ಆದರೆ ದಿನಕ್ಕೊಂದು ಕಂತು ಎಳೆಯಬೇಕಾದ ಧಾರಾವಾಹಿ ಏನು ಮಾಡುತ್ತದೋ ಅದನ್ನೇ ಅದೂ ಮಾಡಿತು. ದಿನಕ್ಕೊಬ್ಬ ಹೊಸ ದುಷ್ಟ, ಬಾಲಕ ಭೀಮನ ಬಾಯಲ್ಲಿ ಮುದುಕರಾಡುವ ಭಾಷಣ. ನಾವು ಬಾಯಿ ಮುಚ್ಚಿಕೊಂಡು ನೋಡಿದೆವು, ನಮ್ಮದು ಎಂಬ ಕಾರಣಕ್ಕೆ. ಕೃಷ್ಣನ ಬಾಲಲೀಲೆಯ ಜಾಗಕ್ಕೆ ಭೀಮನ ಬಾಲಲೀಲೆ ತಂದು ಕೂರಿಸಿದರೆ ಬಾಬಾಸಾಹೇಬರಿಗೆ ಮಾಡಿದ ಉಪಕಾರವೇನು? ಅವರು ಹುಟ್ಟಾ ಪವಾಡಪುರುಷನಾಗಿದ್ದರೆ ನಮ್ಮ ಕೇರಿಯ ಸಾಮಾನ್ಯ ಹುಡುಗನಿಗೆ ಅವರಿಂದ ಏನು ಕಲಿಯಲು ಬರುತ್ತದೆ? ತಮಿಳಿನ 'ಜೈ ಭೀಮ್' 2021ರಲ್ಲಿ ಬಂದಾಗಲೂ ಹೀಗೇ ಆಯಿತು. ಪೊಲೀಸ್ ಠಾಣೆಯಲ್ಲಿ ಸತ್ತ ರಾಜಾಕಣ್ಣು ನಿಜದಲ್ಲಿ ಕುರವ ಜಾತಿಯವನು, ಸಿನಿಮಾದಲ್ಲಿ ಇರುಳ. ಒಳ್ಳೆಯ ಚಿತ್ರ, ನಾವೇ ಊರೂರಿಗೆ ತೋರಿಸಿದೆವು. ಆದರೆ ಸತ್ತವನ ಜನಕ್ಕೆ ಅವರ ಸಾವೂ ದಕ್ಕಲಿಲ್ಲವಲ್ಲ ಎಂದು ಒಬ್ಬ ಗೆಳೆಯ ಕೇಳಿದಾಗ ನಮ್ಮಲ್ಲಿ ಉತ್ತರ ಇರಲಿಲ್ಲ.

ಆ ದಿನ ಸಮುದಾಯ ಭವನದಲ್ಲಿ ನಾವು ಬಾಬಾಸಾಹೇಬರ ಬರಹದ ಆ ಭಾಗವನ್ನು ಮಾಸ್ತರಿಗೂ ಹುಡುಗರಿಗೂ ಓದಿ ಹೇಳಿದೆವು. ಮಾಸ್ತರು ಬಹಳ ಹೊತ್ತು ಸುಮ್ಮನಿದ್ದು "ನಾ ಮೊದಲ್ನೇ ಸಲ ನೌಕರಿಗಿ ಹೋದಾಗ ಇಸ್ತ್ರಿ ಅಂಗಿನೇ ಹಾಕ್ಕೊಂಡ್ ಹೋಗಿದ್ದೆ ನೋಡ್ರಿ. ಆದ್ರೂ ಆ ಊರಾಗ ಮನಿ ಬಾಡಿಗಿಗಿ ಕೊಡ್ಲಿಲ್ಲ" ಎಂದರು. ಹುಡುಗರ ಮುಖದ ಮಸಿ ಅವರೇ ತೊಳೆಸಿದರು. ಕಲಬುರಗಿಯ ಸೂಪರ್ ಮಾರ್ಕೆಟ್ಟಿನಿಂದ ಮೂರು ಹೊಸ ಅಂಗಿ, ಮೂರು ಜರಿ ಟೋಪಿ ತಂದಿದ್ದೇವೆ. ಧೋತರಕ್ಕೆ ಕೇರಿಯ ಒಬ್ಬ ಕಾಕಾ ತನ್ನ ಮದುವೆಯ ಧೋತರವನ್ನೇ ಕತ್ತರಿಸಿ ಕೊಟ್ಟಿದ್ದಾರೆ. ಬೂಟು ಹುಡುಗರವೇ, ಶಾಲೆಯಲ್ಲಿ ಕೊಟ್ಟವು.

ಚಕ್ಕಡಿಯವನ ಪಾರ್ಟಿಗೆ ಒಬ್ಬ ಹುಡುಗ ಸಿಕ್ಕಿದ್ದಾನೆ. ಟೇಶನ್ ಮಾಸ್ತರನಿಗೆ ಮಾತ್ರ ಇನ್ನೂ ಯಾರೂ ಸಿಕ್ಕಿಲ್ಲ. ಕೇರಿಯ ಹುಡುಗರು ಒಲ್ಲೆ ಅಂತಾರೆ. ಊರೊಳಗಿನ ಒಬ್ಬ ಹುಡುಗ, ಮಾಸ್ತರರ ಕ್ಲಾಸಿನವನು, ತಾನಾಗಿ ಬಂದು ಎರಡು ದಿನ ಮಾತು ಕಲಿತ. ಚೆನ್ನಾಗಿ ಮಾಡುತ್ತಿದ್ದ. ಮೂರನೇ ದಿನ ಅವನ ಮನೆಯವರು ಕಳಿಸಲಿಲ್ಲ. ತಾಲೀಮು ದಿನಾ ಸಂಜೆ ಆರಕ್ಕೆ ನಡೆಯುತ್ತಿದೆ.